ಮಂಗನ ಕಾಯಿಲೆಗೆ ಹೆಸರು ಸಿಕ್ಕಿದ ಬಗೆ: ಜ್ವರದ ಮೂಲ ಪತ್ತೆ ಮಾಡುವುದು ಹೇಗೆ?

ಜ್ವರ ಎಂಬುದು ರೋಗವಲ್ಲ, ರೋಗದ ಲಕ್ಷಣ ಎಂದು ಶಾಲೆಯಲ್ಲೇ ಓದಿರುತ್ತೇವೆ. ಆದರೂ ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ‘ಎಷ್ಟು ಜ್ವರ ಇದೆ’ ಎಂದು ಕೇಳುತ್ತೇವೆಯೇ ಹೊರತು ‘ಯಾವ ಜ್ವರ’ ಎಂದು ಕೇಳುವುದು ಕಡಿಮೆ. ಟೈಫಾಯ್ಡ್, ಇಲಿಜ್ವರ, ಡೆಂಗಿ, ಮಲೇರಿಯಾ, ಸ್ಕ್ರಬ್ ಟೈಫಸ್, ಮಂಗನ ಕಾಯಿಲೆ ಇವೆಲ್ಲ ಮೊದಲ ಮೂರು ನಾಲ್ಕು ದಿನ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಚಳಿ, ತಲೆನೋವು, ಸೊಂಟನೋವು, ಕೈಕಾಲು ಸೆಳೆತ, ವಾಕರಿಕೆ. ಇವುಗಳಲ್ಲಿ ಕೆಲವು ಬ್ಯಾಕ್ಟೀರಿಯಾದಿಂದ ಬರುವಂಥವು. ತಕ್ಕ ಆಂಟಿಬಯೋಟಿಕ್ ಬೇಗ ಸಿಕ್ಕರೆ ವಾಸಿಯಾಗುತ್ತವೆ. ಕೆಲವು ವೈರಸ್‌ನಿಂದ ಬರುವಂಥವು, ಅವಕ್ಕೆ ಆಂಟಿಬಯೋಟಿಕ್ ಕೊಟ್ಟು ಪ್ರಯೋಜನವಿಲ್ಲ. ಮಲೇರಿಯಾಕ್ಕೆ ಬೇರೆಯೇ ಮಾತ್ರೆ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ, ಅಮೂಲ್ಯವಾದ ದಿನಗಳೂ ಕಳೆದುಹೋಗುತ್ತವೆ.

ಗಡಿನಾಡಿನವರಿಗೆ ಇದರ ಮೇಲೆ ಇನ್ನೊಂದು ತೊಡಕು. ಕಾಸರಗೋಡಿನವರು ಮಂಗಳೂರಿಗೆ, ಸುಲ್ತಾನ್ ಬತ್ತೇರಿ ಮತ್ತು ಗೂಡಲೂರಿನವರು ಮೈಸೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ, ಆದೋನಿ ರಾಯದುರ್ಗದವರು ಬಳ್ಳಾರಿಗೆ ಹೋಗಿ ತೋರಿಸುವುದು ವಾಡಿಕೆ. ಸೋಂಕು ತಗುಲಿದ್ದು ಒಂದು ರಾಜ್ಯದಲ್ಲಿ, ರಕ್ತ ಕೊಟ್ಟದ್ದು ಇನ್ನೊಂದು ರಾಜ್ಯದಲ್ಲಿ. ನಮ್ಮೂರಿನ ಕಾಡು, ಗದ್ದೆ, ಕುರಿಹಟ್ಟಿ ಯಾವುದೂ ಆ ಡಾಕ್ಟರಿಗೆ ಗೊತ್ತಿರುವುದಿಲ್ಲ. ಹೀಗಾಗಿ ಜ್ವರದ ಮೂಲ ಪತ್ತೆಯಾಗುವ ಕ್ರಮವನ್ನು ರೋಗಿಯ ಕಡೆಯವರೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಈ ಪತ್ತೆದಾರಿಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಮಲೆನಾಡಿನ ಮಂಗನ ಕಾಯಿಲೆಯ ಕಥೆಯೇ ಸಾಕು. ಆ ಕಾಯಿಲೆ ಈಗ ವಯನಾಡು, ನೀಲಗಿರಿ, ಗೋವಾ, ಸಿಂಧುದುರ್ಗದವರೆಗೆ ಬಂದಿರುವುದರಿಂದ ನಮ್ಮದೇ ಕಥೆ ಎಂದರೂ ನಡೆಯುತ್ತದೆ.

1957ರ ಬೇಸಿಗೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ 1957ರ ಮಾರ್ಚ್ ಹೊತ್ತಿಗೆ ಮಂಗಗಳು ಸಾಲುಸಾಲಾಗಿ ಸಾಯುತ್ತಿದ್ದವು. ಕಪ್ಪು ಮುಖದ ಮುಸುವ, ಕೆಂಪು ಮುಖದ ಮಂಗ ಎರಡೂ ಜಾತಿಯವು. ಅದೇ ಹೊತ್ತಿಗೆ ಸೊಪ್ಪು, ಸೌದೆ ತರಲು ಕಾಡಿಗೆ ಹೋಗುವ ಜನರಿಗೆ ಜೋರು ಜ್ವರ, ತಡೆಯಲಾರದ ತಲೆನೋವು, ಕೆಲವರಿಗೆ ಮೂಗು ಮತ್ತು ವಸಡಿನಲ್ಲಿ ರಕ್ತ. ಜನರಲ್ಲಿ ಕಾಣಿಸಿದ ಈ ಜ್ವರವನ್ನು ಮೊದಲು ಟೈಫಾಯ್ಡ್ ಬಗೆಯದು ಎಂದೇ ಭಾವಿಸಿದ್ದರು. ಊರಿನವರು ಮಾತ್ರ ಮಂಗ ಸತ್ತದ್ದಕ್ಕೂ ಮನುಷ್ಯ ಮಲಗಿದ್ದಕ್ಕೂ ಗಂಟು ಹಾಕಿ ‘ಮಂಗನ ಕಾಯಿಲೆ’ ಎಂದು ಕರೆದರು. ವಿಜ್ಞಾನಿಗಳು ಬರುವ ಮೊದಲೇ ಅರ್ಧ ಉತ್ತರವನ್ನು ಹಳ್ಳಿಯವರು ಕೊಟ್ಟಿದ್ದರು ಎಂದು ಧಾರಾಳವಾಗಿ ಹೇಳಬಹುದು.

ಸುದ್ದಿ ಪುಣೆಗೆ ಮುಟ್ಟಿತು. ಅಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ಆರಂಭಿಸಿದ್ದವು. ಇಂದು ಅದಕ್ಕೆ ರಾಷ್ಟ್ರೀಯ ವೈರಾಣು ಸಂಸ್ಥೆ ಎಂದು ಹೆಸರು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮುಂತಾದವರ ತಂಡ ಶಿವಮೊಗ್ಗದ ಕಾಡಿಗೆ ಬಂತು. ಅವರಿಗೆ ಒಂದು ದೊಡ್ಡ ಹೆದರಿಕೆ ಇತ್ತು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬಂದಾಗ ಕಾಡಿನ ಮಂಗಗಳು ಹೀಗೆಯೇ ಸಾಯುತ್ತವೆ. ಹಳದಿ ಜ್ವರ ಏಷ್ಯಾಕ್ಕೆ ಎಂದೂ ಬಂದಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮಲ್ಲಿ ಊರೂರಿಗೆ ಇದೆ. ಅದು ಬಂದೇಬಿಟ್ಟಿದ್ದರೆ ಇಡೀ ದೇಶಕ್ಕೆ ಗಂಡಾಂತರ.

ಊಹೆಯ ಮೇಲೆ ನಿಲ್ಲುವ ಹಾಗಿರಲಿಲ್ಲ. ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಕಾಯಿಲೆ ಬಿದ್ದ ಮುಸುವವೊಂದರಿಂದ ವೈರಸ್ಸನ್ನು ಬೇರ್ಪಡಿಸಿದರು. ಕಾಯಿಲೆಗೆ ಆ ಕಾಡಿನ ಹೆಸರೇ ಉಳಿಯಿತು. ಇಂಗ್ಲಿಷಿನಲ್ಲಿ ಇಂದಿಗೂ ಅದು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ.

ಇಲಿಮರಿ ಹೇಳಿದ ಸಾಕ್ಷಿ

ವೈರಸ್ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ. ಬ್ಯಾಕ್ಟೀರಿಯಾದ ಹಾಗೆ ತಟ್ಟೆಯಲ್ಲಿ ಇಟ್ಟ ಆಹಾರದ ಮೇಲೂ ಬೆಳೆಯುವುದಿಲ್ಲ, ಅದಕ್ಕೆ ಜೀವಂತ ಕೋಶ ಬೇಕು. ಆ ಕಾಲದಲ್ಲಿ ಇದಕ್ಕಿದ್ದ ದಾರಿ ಎಂದರೆ ಇನ್ನೂ ಹಾಲು ಕುಡಿಯುವ ಬಿಳಿ ಇಲಿಮರಿ. ರೋಗಿಯ ರಕ್ತದ ತಿಳಿಯನ್ನೋ, ಸತ್ತ ಮಂಗದ ಅಂಗಾಂಶ ಅರೆದ ನೀರನ್ನೋ ಇಲಿಮರಿಗೆ ಚುಚ್ಚುವುದು. ಕೆಲವು ದಿನದಲ್ಲಿ ಅದು ಕಾಯಿಲೆ ಬಿದ್ದರೆ ಅದರ ಮೆದುಳನ್ನು ತೆಗೆದು ಅರೆದು, ಬ್ಯಾಕ್ಟೀರಿಯಾ ದಾಟಲಾರದಷ್ಟು ಸಣ್ಣ ರಂಧ್ರದ ಜರಡಿಯಲ್ಲಿ ಸೋಸಿ ಇನ್ನೊಂದು ಇಲಿಮರಿಗೆ ಕೊಡುವುದು. ಅದೂ ಕಾಯಿಲೆ ಬಿದ್ದರೆ, ಜರಡಿ ದಾಟಿ ಬಂದದ್ದು ಬ್ಯಾಕ್ಟೀರಿಯಾಕ್ಕಿಂತ ಚಿಕ್ಕದು, ಮೈಯೊಳಗೆ ಹೆಚ್ಚುವಂಥದ್ದು ಎಂದು ಗೊತ್ತಾಗುತ್ತದೆ.

ಆದರೆ ಅದು ಯಾವ ವೈರಸ್? ಇದಕ್ಕೆ ಇನ್ನೊಂದು ಉಪಾಯವಿತ್ತು. ಯಾವುದೇ ಸೋಂಕಿನಿಂದ ಚೇತರಿಸಿಕೊಂಡವರ ರಕ್ತದಲ್ಲಿ ಆ ರೋಗಾಣುವನ್ನೇ ಹುಡುಕಿ ಕಟ್ಟಿಹಾಕುವ ಪ್ರತಿಕಾಯಗಳು ಇರುತ್ತವೆ. ಗುರುತು ಗೊತ್ತಿರುವ ವೈರಸ್‌ಗಳ ವಿರುದ್ಧ ಇರುವ ಪ್ರತಿಕಾಯಗಳನ್ನು ಒಂದೊಂದಾಗಿ ಹೊಸ ವೈರಸ್ ಜೊತೆ ಸೇರಿಸಿ ನೋಡಬೇಕು. ಯಾವುದು ಹೊಂದುತ್ತದೋ ಅದು ಆ ಕುಲದ್ದು. ಬೀಗಕ್ಕೆ ಒಂದೊಂದೇ ಕೀಲಿಕೈ ಹಾಕಿ ನೋಡಿದ ಹಾಗೆ. ಹಳದಿ ಜ್ವರದ ಕೀಲಿಕೈ ಹೊಂದಲಿಲ್ಲ, ಎಲ್ಲರೂ ನಿಟ್ಟುಸಿರು ಬಿಟ್ಟರು. ಹೊಂದಿದ್ದು ಯಾರೂ ಎಣಿಸದ ಒಂದು ಗುಂಪಿಗೆ: ರಷ್ಯಾದ ಚಳಿಕಾಡುಗಳಲ್ಲಿ ಮೆದುಳುಜ್ವರ ತರುವ ವೈರಸ್‌ಗಳ ಗುಂಪು. ಆ ಗುಂಪಿನವು ಸೊಳ್ಳೆಯಿಂದ ಹರಡುವುದಿಲ್ಲ, ಉಣುಗಿನಿಂದ ಹರಡುತ್ತವೆ.

ಕಾಡಿನಲ್ಲಿ ಉಣುಗು ಹಿಡಿದು ಅರೆದು ನೋಡಿದಾಗ ಅದೇ ವೈರಸ್ ಅದರಲ್ಲೂ ಸಿಕ್ಕಿತು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು ಇದರ ಮುಖ್ಯ ವಾಹಕ. ಮಂಗ, ಮನುಷ್ಯ, ಉಣುಗು ಮೂರರಲ್ಲೂ ಒಂದೇ ವೈರಸ್ ಸಿಕ್ಕಿದ ಮೇಲೆ ಸಂದೇಹಕ್ಕೆ ಜಾಗ ಉಳಿಯಲಿಲ್ಲ. ಕ್ಷಯ ಮತ್ತು ಕಾಲರಾ ರೋಗಾಣುಗಳನ್ನು ಗುರುತಿಸಿದ ಜರ್ಮನಿಯ ರಾಬರ್ಟ್ ಕಾಕ್ ಹತ್ತೊಂಬತ್ತನೇ ಶತಮಾನದಲ್ಲೇ ಈ ನಿಯಮ ಹಾಕಿಕೊಟ್ಟಿದ್ದರು. ರೋಗ ಇರುವಲ್ಲಿ ರೋಗಾಣು ಸಿಗಬೇಕು, ಅದನ್ನು ಬೇರ್ಪಡಿಸಿ ಬೆಳೆಸಬೇಕು, ಬೆಳೆಸಿದ್ದು ಮತ್ತೆ ಅದೇ ರೋಗ ತರಬೇಕು. ಸೊರಬದ ಕಾಡಿನಲ್ಲಿ ನಡೆದದ್ದು ಹೆಚ್ಚುಕಡಿಮೆ ಅದೇ.

ರಷ್ಯಾದ ನಂಟು ಮಾತ್ರ ಬಹಳ ಕಾಲ ತಲೆ ತಿಂದಿತು. ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳ ಮೈಮೇಲೆ ಉಣುಗು ಬಂದಿರಬಹುದೇ ಎಂದು ಅನುಮಾನ. ಪಕ್ಷಿತಜ್ಞ ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ನಡೆಸಿದರು. ಹಕ್ಕಿಗಳ ಬಗ್ಗೆ ಬೇಕಾದಷ್ಟು ಮಾಹಿತಿ ಸಿಕ್ಕಿತು, ಕಾಯಿಲೆಯನ್ನು ಹಕ್ಕಿ ತಂದಿತು ಎಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ಕಾಡು ಕಡಿದು ತೋಟ ಮಾಡಿದಲ್ಲಿ, ದನಕರು ಕಾಡಂಚಿನಲ್ಲಿ ಹೆಚ್ಚು ಮೇಯುವಲ್ಲಿ ಕಾಯಿಲೆ ಹೆಚ್ಚುವುದನ್ನು ನಂತರ ಬಂದವರು ಗಮನಿಸಿದರು. ಕೀಟತಜ್ಞ ಪಿ.ಕೆ. ರಾಜಗೋಪಾಲನ್, ಕೊಲಂಬಿಯಾ ದೇಶದಿಂದ ಬಂದಿದ್ದ ಹೋರ್ಹೆ ಬೊಷೆಲ್ ಮುಂತಾದವರು ಕಾಡಿನಲ್ಲಿ ವರ್ಷಗಟ್ಟಲೆ ಉಣುಗು ಎಣಿಸುತ್ತಾ ಕಳೆದರು. ಪ್ರಯೋಗಾಲಯದ ಸಿಬ್ಬಂದಿಯಲ್ಲೂ ಹಲವರಿಗೆ ಸೋಂಕು ತಗುಲಿತು. ಇಷ್ಟು ಸುಲಭವಾಗಿ ಅಂಟುವ ವೈರಸ್ಸನ್ನು ತಾಲ್ಲೂಕು ಲ್ಯಾಬಿನಲ್ಲಿ ಬೆಳೆಸುವ ಹಾಗಿಲ್ಲ. ಪುಣೆಯ ಸಂಸ್ಥೆಯಲ್ಲಿ ಅತಿ ಅಪಾಯದ ರೋಗಾಣುಗಳಿಗೆಂದೇ ನಾಲ್ಕನೇ ಹಂತದ ಭದ್ರತೆಯ ಪ್ರಯೋಗಾಲಯ 2012ರ ಕೊನೆಗೆ ಉದ್ಘಾಟನೆಯಾಯಿತು.

ಗಡಿ ದಾಟಿದ ಕಾಯಿಲೆ

ಸುಮಾರು ಐವತ್ತೈದು ವರ್ಷ ಮಂಗನ ಕಾಯಿಲೆ ಎಂದರೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಇಷ್ಟೇ ಎಂಬ ನಂಬಿಕೆ ಇತ್ತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ವಿಲೇವಾರಿ ಮಾಡಿದ ಕೆಲವರು ಜ್ವರ ಬಿದ್ದರು, ಪರೀಕ್ಷೆಯಲ್ಲಿ ಕೆಎಫ್‌ಡಿ ಎಂದು ಬಂತು. ಅದರ ಬೆನ್ನಿಗೇ ನೀಲಗಿರಿ ಮತ್ತು ವಯನಾಡಿನ ಸತ್ತ ಮಂಗಗಳಲ್ಲೂ ವೈರಸ್ ಸಿಕ್ಕಿತು. ಬಂಡೀಪುರ, ಮುದುಮಲೆ, ಮುತ್ತಂಗ ಎಂದು ಬೋರ್ಡು ಮೂರು ಇದ್ದರೂ ಕಾಡು ಒಂದೇ ತಾನೆ.

2013ರಲ್ಲಿ ವಯನಾಡಿನಲ್ಲಿ ಮನುಷ್ಯರಲ್ಲೂ ಕಾಣಿಸಿಕೊಂಡಿತು. 2014-15ರ ಋತುವಿನಲ್ಲಿ ಅಲ್ಲಿ ನೂರರ ಆಸುಪಾಸು ಪ್ರಕರಣ, ಹತ್ತಕ್ಕೂ ಹೆಚ್ಚು ಸಾವು. ಕಾಡಂಚಿನ ಆದಿವಾಸಿ ಕುಟುಂಬಗಳೇ ಹೆಚ್ಚು ಅನುಭವಿಸಿದವು. 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಗೇರುತೋಟಗಳ ಸುತ್ತಮುತ್ತ ಬಂತು. ಕರ್ನಾಟಕದ ಒಳಗೂ ತಣ್ಣಗಾಗಿಲ್ಲ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಜೋರಾಗಿ ಕಾಡಿತು.

ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಜ್ವರ ಶುರುವಾಗುತ್ತದೆ. ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ. ಸಾಸಿವೆ ಕಾಳಿಗಿಂತ ಚಿಕ್ಕದಾದ ಉಣುಗಿನ ಮರಿಗಳು ಒಣ ತರಗೆಲೆಯ ಮೇಲೆ ಕಾದು ಕುಳಿತಿರುವ ಸಮಯ ಇದು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಮರುಕಳಿಸಿ ತಲೆಸುತ್ತು, ನಡುಕ, ಮಂಪರು ಕಾಣಿಸುವುದುಂಟು. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂದು ಲೆಕ್ಕ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ರೋಗಿಯನ್ನು ದೂರ ಇಡುವ ಅಗತ್ಯವಿಲ್ಲ.

ಇಲ್ಲೊಂದು ಗೊಂದಲ ನಿವಾರಿಸಬೇಕು. 2022ರ ನಂತರ ಸುದ್ದಿಯಲ್ಲಿರುವ ಮಂಕಿಪಾಕ್ಸ್ ಬೇರೆ, ಮಂಗನ ಕಾಯಿಲೆ ಬೇರೆ. ಅದು ಸಿಡುಬಿನ ಕುಲದ್ದು, ಮೈಮೇಲೆ ಬೊಕ್ಕೆ ಏಳುತ್ತದೆ, ಹತ್ತಿರದ ಸಂಪರ್ಕದಿಂದ ಅಂಟುತ್ತದೆ. ಇದರಲ್ಲಿ ಉಣುಗು, ಅದರಲ್ಲಿ ಉಣುಗಿಲ್ಲ.

ರೋಗಾಣುವನ್ನು ಹಿಡಿಯಲು ಇರುವ ದಾರಿಗಳು

ಇಂದಿನ ಲ್ಯಾಬಿನಲ್ಲಿ ನಡೆಯುವ ನೂರಾರು ಪರೀಕ್ಷೆಗಳನ್ನು ಒಟ್ಟು ಮಾಡಿದರೆ ನಾಲ್ಕೇ ಪ್ರಶ್ನೆಗಳು. ರೋಗಾಣು ಕಣ್ಣಿಗೆ ಕಾಣುತ್ತದೆಯೇ? ಬೆಳೆಸಿದರೆ ಬೆಳೆಯುತ್ತದೆಯೇ? ಅದರ ತುಣುಕು, ಎಂದರೆ ಪ್ರೊಟೀನೋ ವಂಶಾಣುವೋ, ಸಿಗುತ್ತದೆಯೇ? ಅದರ ವಿರುದ್ಧ ಮೈ ಸಜ್ಜಾಗಿರುವ ಗುರುತು ಇದೆಯೇ?

ಕಣ್ಣಿಗೆ ಕಾಣುವುದಕ್ಕೆ ಒಳ್ಳೆಯ ಉದಾಹರಣೆ ಮಲೇರಿಯಾ. ಬೆರಳ ತುದಿ ಚುಚ್ಚಿ ಗಾಜಿನ ಮೇಲೆ ಸವರಿದ ರಕ್ತಕ್ಕೆ ಬಣ್ಣ ಹಾಕಿದರೆ ಕೆಂಪು ರಕ್ತಕಣದ ಒಳಗೆ ಪರಾವಲಂಬಿ ಕಾಣುತ್ತದೆ. ಅದು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಇದೇ ರೀತಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದು. ಕ್ಷಯಕ್ಕೂ ಕಫ ಪರೀಕ್ಷೆ ಇದೇ ದಾರಿ. ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಕೊಡಿ ಎನ್ನುವುದು ಸುಮ್ಮನೆ ಅಲ್ಲ, ಬರೀ ಎಂಜಲು ಕೊಟ್ಟರೆ ಕ್ಷಯ ಇದ್ದರೂ ಇಲ್ಲ ಎಂದು ಬರುತ್ತದೆ.

ಬೆಳೆಸಿ ನೋಡುವುದಕ್ಕೆ ಕಲ್ಚರ್ ಎನ್ನುತ್ತಾರೆ. ಟೈಫಾಯ್ಡಿಗೆ ಇದೇ ನಂಬಿಕಸ್ತ ಪರೀಕ್ಷೆ. ರಕ್ತವನ್ನು ಪೋಷಕ ದ್ರವದ ಬಾಟಲಿಗೆ ಹಾಕಿ ಮೈಯ ಬಿಸಿಯಷ್ಟೇ ಶಾಖದಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದರೆ ತಟ್ಟೆಯ ಮೇಲೆ ಹರಡಿ, ಅದರ ಮೇಲೆ ಬೇರೆ ಬೇರೆ ಆಂಟಿಬಯೋಟಿಕ್ ಹಚ್ಚಿದ ಚಿಕ್ಕ ಬಿಲ್ಲೆಗಳನ್ನು ಇಡುತ್ತಾರೆ. ಯಾವ ಬಿಲ್ಲೆಯ ಸುತ್ತ ಬೆಳೆ ಇಲ್ಲದೆ ಬಯಲಾಗುತ್ತದೋ ಆ ಔಷಧ ಕೆಲಸ ಮಾಡುತ್ತದೆ. ಹಿಂದೆ ಟೈಫಾಯ್ಡಿಗೆ ಧಾರಾಳವಾಗಿ ಬರೆಯುತ್ತಿದ್ದ ಸಿಪ್ರೋಫ್ಲಾಕ್ಸಾಸಿನ್ ಈಗ ನಮ್ಮ ದೇಶದಲ್ಲಿ ಹೆಚ್ಚಿನ ಕಡೆ ಸರಿಯಾಗಿ ಕೆಲಸ ಮಾಡದು. ಇದು ಗೊತ್ತಾದದ್ದೂ ಇಂಥ ತಟ್ಟೆಗಳಿಂದಲೇ.

ಕಲ್ಚರಿಗೆ ‘ಅಷ್ಟೊಂದು ರಕ್ತ ತೆಗೆದರು’ ಎಂದು ನಮ್ಮವರು ಗೊಣಗುವುದುಂಟು. ಟೈಫಾಯ್ಡ್ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಒಂದೋ ಎರಡೋ ಬ್ಯಾಕ್ಟೀರಿಯಾ ಇದ್ದರೆ ಹೆಚ್ಚು. ಎರಡು ಹನಿ ರಕ್ತದಲ್ಲಿ ಅದು ಸಿಗುವುದು ಹೇಗೆ? ದೊಡ್ಡವರಿಗೆ ಎಂಟು ಹತ್ತು ಮಿಲಿಲೀಟರ್ ತೆಗೆಯುವುದು ಅದಕ್ಕೇ. ಅದಕ್ಕಿಂತ ದೊಡ್ಡ ತೊಂದರೆ ಮೊದಲೇ ನುಂಗಿದ ಮಾತ್ರೆ. ಅಂಗಡಿಯಿಂದ ತಂದ ಆಂಟಿಬಯೋಟಿಕ್ ಎರಡು ದಿನ ತಿಂದು ಆಮೇಲೆ ಕಲ್ಚರಿಗೆ ಕೊಟ್ಟರೆ ಬ್ಯಾಕ್ಟೀರಿಯಾ ಅರೆಜೀವವಾಗಿರುತ್ತದೆ. ಬಾಟಲಿಯಲ್ಲಿ ಬೆಳೆಯುವುದಿಲ್ಲ, ರೋಗಿಯಲ್ಲಿ ಸಾಯುವುದೂ ಇಲ್ಲ.

ಜತ್ತ, ಅಕ್ಕಲಕೋಟೆ, ಆದೋನಿ ಕಡೆ ಕುರಿ ಸಾಕುವವರಿಗೆ ಒಂದು ಮಾತು. ವಾರಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಇದ್ದು, ಹಟ್ಟಿಯಲ್ಲಿ ಕುರಿಯೋ ಎಮ್ಮೆಯೋ ಕಂದು ಹಾಕಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಬ್ರುಸೆಲ್ಲೋಸಿಸ್ ಎಂಬ ಜ್ವರ ಹಾಗೆ ಬರುತ್ತದೆ, ಕಾಯಿಸದ ಹಾಲಿನಿಂದಲೂ ಬರುತ್ತದೆ. ಅದರ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವಂಥದ್ದು, ಲ್ಯಾಬಿನವರಿಗೂ ಅಂಟುವಂಥದ್ದು. ಮೊದಲೇ ಗೊತ್ತಿದ್ದರೆ ಅವರು ಬಾಟಲಿಯನ್ನು ಹೆಚ್ಚು ದಿನ ಇಡುತ್ತಾರೆ, ತಾವೂ ಜಾಗ್ರತೆ ವಹಿಸುತ್ತಾರೆ.

ತುಣುಕು ಹುಡುಕುವ ಪಿಸಿಆರ್ ಪರೀಕ್ಷೆ ಕೊರೊನಾ ಕಾಲದಲ್ಲಿ ಮನೆಮಾತಾಯಿತು. ವೈರಸ್‌ನ ವಂಶಾಣುವಿನ ಚೂರೊಂದನ್ನು ಲಕ್ಷಾಂತರ ಪಾಲು ಹೆಚ್ಚಿಸಿ ಗುರುತಿಸುವುದು ಅದರ ಕೆಲಸ. ಡೆಂಗಿಯ ಎನ್‌ಎಸ್1 ಪರೀಕ್ಷೆ ವೈರಸ್‌ನ ಒಂದು ಪ್ರೊಟೀನನ್ನು ಹುಡುಕುತ್ತದೆ. ಕ್ಷಯಕ್ಕೆ ಸಣ್ಣ ಆಸ್ಪತ್ರೆಗಳಲ್ಲೂ ಇರುವ ಟ್ರೂನ್ಯಾಟ್ ಯಂತ್ರವೂ ವಂಶಾಣು ಹುಡುಕುವಂಥದ್ದೇ. ಅದು ಗೋವಾದ ಕಂಪನಿಯೊಂದರ ತಯಾರಿಕೆ. ಅದೇ ಯಂತ್ರದಲ್ಲಿ ಮಂಗನ ಕಾಯಿಲೆಯನ್ನು ಹಚ್ಚುವ ವಿಧಾನವನ್ನೂ ಪುಣೆಯ ಸಂಸ್ಥೆ ಪರಿಶೀಲಿಸಿದೆ. 1957ರಲ್ಲಿ ಇಲಿಮರಿಗಾಗಿ ದಿನಗಟ್ಟಲೆ ಕಾದ ಕೆಲಸ ಈಗ ಗಂಟೆಗಳ ಲೆಕ್ಕಕ್ಕೆ ಬಂದಿದೆ.

ನಾಲ್ಕನೆಯದು ಪ್ರತಿಕಾಯ ಪರೀಕ್ಷೆ. ರಿಪೋರ್ಟಿನಲ್ಲಿ ಐಜಿಎಂ, ಐಜಿಜಿ ಎಂದು ಬರೆದಿರುತ್ತಾರೆ. ಐಜಿಎಂ ಎಂದರೆ ಇತ್ತೀಚಿನ ಸೋಂಕು, ಐಜಿಜಿ ಎಂದರೆ ಸಾಮಾನ್ಯವಾಗಿ ಹಿಂದೆ ಎಂದೋ ಬಂದು ಹೋದದ್ದು. ಮೈ ಪ್ರತಿಕಾಯ ತಯಾರಿಸಲು ನಾಲ್ಕೈದು ದಿನ ಬೇಕು. ಹಾಗಾಗಿ ಜ್ವರದ ಎರಡನೇ ದಿನವೇ ಐಜಿಎಂ ಮಾಡಿಸಿ ‘ನೆಗೆಟಿವ್’ ಬಂತು, ಏನೂ ಇಲ್ಲ ಎಂದು ಮನೆಗೆ ಬರುವುದರಲ್ಲಿ ಅರ್ಥವಿಲ್ಲ.

ವೈಡಲ್ ಎಂಬ ಹಳೆಯ ಚೀಟಿ

ಪ್ರತಿಕಾಯ ಪರೀಕ್ಷೆಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಅತಿ ಹೆಚ್ಚು ನಡೆಯುವುದು, ಅತಿ ಹೆಚ್ಚು ದಾರಿ ತಪ್ಪಿಸುವುದು ವೈಡಲ್. 1896ರಲ್ಲಿ ಫ್ರಾನ್ಸಿನ ಫರ್ನಾಂಡ್ ವಿಡಾಲ್ ಟೈಫಾಯ್ಡಿಗಾಗಿ ಕಂಡುಹಿಡಿದ ವಿಧಾನ ಇದು. ಅಗ್ಗ, ಸುಲಭ, ಅರ್ಧ ಗಂಟೆಯಲ್ಲಿ ಫಲಿತಾಂಶ. ತೊಂದರೆ ಏನೆಂದರೆ ಟೈಫಾಯ್ಡ್ ಆಗಾಗ ಬರುವ ನಮ್ಮಂಥ ಊರುಗಳಲ್ಲಿ ಆರೋಗ್ಯವಂತರ ರಕ್ತದಲ್ಲೂ ಸ್ವಲ್ಪ ಪ್ರತಿಕಾಯ ಇದ್ದೇ ಇರುತ್ತದೆ. ಬೇರೆ ಜ್ವರ ಬಂದಾಗಲೂ ಅದು ಏರಬಹುದು. 1:80 ಎಂದೋ 1:160 ಎಂದೋ ಒಂದೇ ಸಲ ಬಂದ ಅಂಕಿಯ ಮೇಲೆ ‘ಟೈಫಾಯ್ಡ್ ಪಾಸಿಟಿವ್’ ಎಂದು ತೀರ್ಮಾನಿಸುವುದು ಸರಿಯಲ್ಲ. ಏಳರಿಂದ ಹತ್ತು ದಿನ ಬಿಟ್ಟು ಮತ್ತೆ ನೋಡಿ, ಅಂಕಿ ನಾಲ್ಕು ಪಟ್ಟು ಏರಿದ್ದರೆ ಅದಕ್ಕೆ ಬೆಲೆ. ಅಷ್ಟು ಕಾಯುವವರು ಯಾರು? ಹೀಗಾಗಿ ಮಂಗನ ಕಾಯಿಲೆಯೂ ಸ್ಕ್ರಬ್ ಟೈಫಸ್ಸೂ ವೈಡಲ್ ಚೀಟಿಯ ಹಿಂದೆ ಟೈಫಾಯ್ಡ್ ಹೆಸರಿನಲ್ಲಿ ಅಡಗಿ ಕುಳಿತುಕೊಳ್ಳಬಹುದು. 1957ರಲ್ಲಿ ಬಿದ್ದ ಮೊದಲ ತಪ್ಪು ಹೆಸರೂ ಇದೇ ಎಂಬುದು ನೆನಪಿರಲಿ.

ಸ್ಕ್ರಬ್ ಟೈಫಸ್ ಎಂದಾಗ ಒಂದು ವಿಷಯ ಹೇಳಲೇಬೇಕು. ಹೆಸರಿನಲ್ಲಿ ಸಾಮ್ಯ ಇದ್ದರೂ ಇದಕ್ಕೂ ಟೈಫಾಯ್ಡಿಗೂ ಸಂಬಂಧವಿಲ್ಲ. ಪೊದೆ, ಹುಲ್ಲುಗಾವಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಮರಿ ಕಚ್ಚಿ ಬರುತ್ತದೆ. ತಮಿಳುನಾಡು, ಆಂಧ್ರ, ಕೇರಳ, ಕರ್ನಾಟಕ ಎಲ್ಲ ಕಡೆ ಇದೆ. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹೊಪ್ಪಳೆ ಕಟ್ಟುತ್ತದೆ, ನೋವಿರುವುದಿಲ್ಲ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿ, ಹೆಂಗಸರಿಗೆ ಸ್ತನದ ಕೆಳಗೆ, ಹೀಗೆ ಮರೆಯಾದ ಜಾಗದಲ್ಲೇ ಹೆಚ್ಚು. ನಾಚಿಕೆಯಿಂದ ತೋರಿಸದೆ ಬರುವವರು ಬಹಳ. ಆ ಒಂದು ಗುರುತು ನೂರು ಪರೀಕ್ಷೆಗೆ ಸಮ, ಏಕೆಂದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಗೆ ಈ ಜ್ವರ ಬೇಗ ಬಗ್ಗುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ ಕೈಕೊಟ್ಟು ಜೀವಕ್ಕೇ ಕುತ್ತು.

ಯಾವ ದಿನ, ಯಾವ ಸ್ಯಾಂಪಲ್

ಜ್ವರ ಶುರುವಾದ ದಿನವನ್ನು ಒಂದು ಎಂದು ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಡೆಂಗಿಯ ಎನ್‌ಎಸ್1 ಮೊದಲ ಐದು ದಿನದ ಪರೀಕ್ಷೆ, ಐಜಿಎಂ ಅದರ ನಂತರದ್ದು. ಮಂಗನ ಕಾಯಿಲೆಗೆ ಮೊದಲ ವಾರ ಪಿಸಿಆರ್, ಐದನೇ ದಿನದ ಮೇಲೆ ಐಜಿಎಂ ಕೂಡ ಸೇರಿಸುತ್ತಾರೆ. ಟೈಫಾಯ್ಡ್ ಕಲ್ಚರ್ ಮೊದಲ ವಾರದಲ್ಲಿ, ಆಂಟಿಬಯೋಟಿಕ್‌ಗೆ ಮೊದಲು. ಇಲಿಜ್ವರದ ಬ್ಯಾಕ್ಟೀರಿಯಾ ಮೊದಲ ವಾರ ರಕ್ತದಲ್ಲಿ ಇದ್ದು ಆಮೇಲೆ ಮೂತ್ರಕ್ಕೆ ಇಳಿಯುತ್ತದೆ, ಐಜಿಎಂ ವಾರದ ಹೊತ್ತಿಗೆ ಸಿಗುತ್ತದೆ. ಮಲೇರಿಯಾಕ್ಕೆ ದಿನದ ಲೆಕ್ಕವಿಲ್ಲ. ಒಮ್ಮೆ ನೆಗೆಟಿವ್ ಬಂದು ಜ್ವರ ಮುಂದುವರಿದರೆ ಮತ್ತೆ ನೋಡಬೇಕು.

ಇದರರ್ಥ ರಿಪೋರ್ಟ್ ಬರುವವರೆಗೆ ಮದ್ದು ಬೇಡ ಎಂದಲ್ಲ. ರೋಗಿ ಸುಸ್ತಾಗಿದ್ದರೆ ಡಾಕ್ಟರು ಸ್ಯಾಂಪಲ್ ತೆಗೆದ ಕೂಡಲೇ ಚಿಕಿತ್ಸೆ ಶುರು ಮಾಡುತ್ತಾರೆ. ಸ್ಯಾಂಪಲ್ ಮೊದಲು, ಮದ್ದು ಆಮೇಲೆ, ಅಷ್ಟೇ. ರಕ್ತಸ್ರಾವ ಆಗಬಹುದಾದ ಡೆಂಗಿ, ಮಂಗನ ಕಾಯಿಲೆಯ ಸಂಶಯ ಇದ್ದಾಗ ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫಿನಾಕ್ ಸೂಜಿ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ಡಾಕ್ಟರಿಗೆ ಯಾವ ಭಾಷೆಯಲ್ಲಿ ಹೇಳುವುದು?

ಲ್ಯಾಬ್ ಎಷ್ಟೇ ದೊಡ್ಡದಿರಲಿ, ಯಾವ ರೋಗಾಣುವನ್ನು ಹುಡುಕಬೇಕೆಂದು ಯಾರಾದರೂ ಹೇಳಬೇಕು. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡಿನಲ್ಲಿ ನಿಪಾ ಬೇಗ ಪತ್ತೆಯಾದದ್ದು ಹೀಗೆಯೇ. ಒಂದೇ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಬಿದ್ದುದನ್ನು ಕಂಡು ವೈದ್ಯರು ಇದು ಸಾಮಾನ್ಯ ಮೆದುಳುಜ್ವರವಲ್ಲ ಎಂದು ಸಂಶಯಪಟ್ಟು ಮಣಿಪಾಲಕ್ಕೆ ಸ್ಯಾಂಪಲ್ ಕಳಿಸಿದರು, ಪುಣೆಯಲ್ಲಿ ಅದು ಖಚಿತವಾಯಿತು.

ಆ ಸಂಶಯ ಹುಟ್ಟಿಸುವ ಮಾತು ರೋಗಿಯ ಬಾಯಿಂದ ಬರಬೇಕು. ಕಾಡಿಗೆ ಹೋಗಿದ್ದಿರಾ, ಎಂದು? ಉಣುಗು ಕಚ್ಚಿತ್ತೇ? ಹತ್ತಿರದಲ್ಲಿ ಮಂಗ ಸತ್ತಿತ್ತೇ? ಕೆಸರುಗದ್ದೆಯಲ್ಲಿ, ತೋಟದ ಕಾಲುವೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದಿರಾ? ಮನೆಯಲ್ಲಿ, ಕೇರಿಯಲ್ಲಿ ಇನ್ಯಾರಿಗೆ ಜ್ವರ? ಕೇಳದಿದ್ದರೂ ಹೇಳಿ. ಗಡಿಯಾಚೆಯ ಡಾಕ್ಟರಾದರೆ ಅವರ ಮಾತಿನಲ್ಲೇ ಹೇಳಿ. ಮಂಗನ ಕಾಯಿಲೆಗೆ ಮಲಯಾಳದಲ್ಲಿ ‘ಕುರಂಙು ಪನಿ’, ತಮಿಳಿನಲ್ಲಿ ‘ಕುರಂಗು ಕಾಯ್ಚಲ್’, ಮರಾಠಿಯಲ್ಲಿ ‘ಮಾಕಡ ತಾಪ’. ಉಣುಗಿಗೆ ಮಲಯಾಳದಲ್ಲಿ ‘ಚೆಳ್ಳ್’, ತಮಿಳಿನಲ್ಲಿ ‘ಉಣ್ಣಿ’, ಮರಾಠಿಯಲ್ಲಿ ‘ಗೋಚೀಡ’, ತೆಲುಗಿನಲ್ಲಿ ‘ಪಿಡುದು’. ಇಲಿಜ್ವರ ಮಲಯಾಳದಲ್ಲಿ ‘ಎಲಿಪ್ಪನಿ’, ತಮಿಳಿನಲ್ಲಿ ‘ಎಲಿ ಕಾಯ್ಚಲ್’. ಎರಡು ಭಾಷೆ ಬಲ್ಲ ನಮಗೆ ಇದೇನೂ ಕಷ್ಟವಲ್ಲ.

ವಿಳಾಸ ಬರೆಸುವಾಗಲೂ ಎಚ್ಚರ. ಮಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ನೆಂಟರ ಮನೆಯ ವಿಳಾಸ ಕೊಟ್ಟರೆ ಆರೋಗ್ಯ ಇಲಾಖೆಯವರು ಆ ಮನೆಗೆ ಹೋಗುತ್ತಾರೆ, ಸೋಂಕು ಇರುವ ಊರಿಗೆ ಯಾರೂ ಬರುವುದಿಲ್ಲ. ಜ್ವರ ಬರುವ ಮೊದಲು ಎರಡು ವಾರ ಎಲ್ಲಿದ್ದಿರೋ ಆ ಊರು, ಗ್ರಾಮ ಪಂಚಾಯ್ತಿ, ತಾಲ್ಲೂಕಿನ ಹೆಸರು ಬರೆಸಿ. ರಿಪೋರ್ಟ್ ಬಂದ ಮೇಲೆ ಅದರ ಒಂದು ಪ್ರತಿಯನ್ನು ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಕೊಡಿ.

ಲಸಿಕೆ ಮತ್ತು ಸತ್ತ ಮಂಗ

ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧ ಇಲ್ಲ. ನೀರಿನಂಶ ಕಾಪಾಡುವುದು, ರಕ್ತಸ್ರಾವ ನೋಡಿಕೊಳ್ಳುವುದು ಇಂಥ ಆರೈಕೆಯೇ ಚಿಕಿತ್ಸೆ. ದಶಕಗಳ ಕಾಲ ಮಲೆನಾಡಿನಲ್ಲಿ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದು ಎಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿದೆ. ಅಲ್ಲಿಯವರೆಗೆ ಕಾಡಿಗೆ ಹೋಗುವಾಗ ಕೈಕಾಲಿಗೆ ಹಚ್ಚುವ ಡೇಪಾ ಎಣ್ಣೆ, ಮೈ ಮುಚ್ಚುವ ಬಟ್ಟೆ, ಬಂದ ಮೇಲೆ ಬಿಸಿನೀರು ಸಾಬೂನಿನ ಸ್ನಾನ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯುವುದು. ಮೈಗೆ ಕಚ್ಚಿದ ಉಣುಗನ್ನು ಬೆರಳಲ್ಲಿ ಹಿಸುಕಬೇಡಿ, ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ.

ಮಂಗ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಸತ್ತ ಮಂಗದ ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ನೆಲದಲ್ಲಿ ಬೇರೆ ಮೈಗಾಗಿ ಕಾಯುತ್ತವೆ. ಅರಣ್ಯ ಇಲಾಖೆ, ಪಶುವೈದ್ಯರು ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಅವರು ರಕ್ಷಣಾ ಉಡುಪಿನಲ್ಲಿ ಬಂದು ಪರೀಕ್ಷೆಗೆ ಅಂಗಾಂಶ ತೆಗೆದು, ಹೆಣ ಸುಟ್ಟು, ಸುತ್ತ ಔಷಧ ಸಿಂಪಡಿಸುತ್ತಾರೆ. ಕಾಡು ಕರ್ನಾಟಕದ್ದೋ ಕೇರಳದ್ದೋ ತಮಿಳುನಾಡಿನದ್ದೋ ಗೊತ್ತಾಗದ ಜಾಗವಾದರೆ ಹತ್ತಿರದ ಯಾವ ಅರಣ್ಯ ಚೆಕ್‌ಪೋಸ್ಟಿಗಾದರೂ ಹೇಳಿ.